ಹೆಬ್ರೋನ್‌ಗೆ ಹೋಗೋದಾದ್ರೆ ಎರಡೂ ಬಾಗ್ಲಿಂದ ಒಳಗ್ ಹೋಗಿ

ಮೈಸೂರು ಮಂಡ್ಯ ಕಡೆಯಿಂದ ಹೋಲಿ ಲ್ಯಾಂಡ್ ಟೂರ್‌ಗೆ ಹೋಗೋರು ಈಗ ಚರ್ಚ್ ಗ್ರೂಪ್‌ನೋರು ಮಾತ್ರ ಅಲ್ಲ, ರಿಟೈರ್ ಆಗಿರೋ ಮೇಷ್ಟ್ರು, ಬ್ಯಾಂಕ್‌ನೋರು, ಹಿಸ್ಟರಿ ಹುಚ್ಚು ಇರೋ ಹುಡುಗ್ರು ಎಲ್ಲಾ ಹೊರಡ್ತಾರೆ. ಪ್ಯಾಕೇಜಲ್ಲಿ ಸಾಮಾನ್ಯವಾಗಿ ಜೋರ್ಡಾನ್, ಜೆರುಸಲೇಮ್, ಬೆತ್ಲೆಹೇಮ್, ಗಲಿಲಾಯ, ಡೆಡ್ ಸೀ, ಕೊನೆಗೆ ಈಜಿಪ್ಟ್ ಇರುತ್ತೆ. ಹೆಬ್ರೋನ್ ಇರಲ್ಲ. ಜೆರುಸಲೇಮಿಂದ ದಕ್ಷಿಣಕ್ಕೆ ಬರೀ 30 ಕಿಲೋಮೀಟರ್ ದೂರ ಅಷ್ಟೇ, ಆದ್ರೂ ಏಜೆನ್ಸಿಯೋರು ಹಾಕಲ್ಲ, ಯಾಕಂದ್ರೆ ಅಲ್ಲಿ ಯಾವಾಗ ಏನ್ ಮುಚ್ತಾರೆ ಅಂತ ಹೇಳಕ್ಕಾಗಲ್ಲ, ಐವತ್ತು ಜನರ ಬಸ್ ತಗೊಂಡ್ ಹೋಗಿ ಚೆಕ್‌ಪೋಸ್ಟಲ್ಲಿ ನಿಂತ್ಕೊಂಡ್ರೆ ಯಾರ್ ಉತ್ತರ ಹೇಳ್ತಾರೆ. ಅದಕ್ಕೇ ಪ್ಯಾಕೇಜಲ್ಲಿ ಸಿಗೋ ಫ್ರೀ ಡೇನ ಶಾಪಿಂಗ್‌ಗೆ ವೇಸ್ಟ್ ಮಾಡ್ದೆ ಇಲ್ಲಿಗೆ ಇಟ್ಕೊಳಿ ಅನ್ನೋದು ನನ್ ಮಾತು.

ಏನಿದೆ ಅಲ್ಲಿ ಅಂದ್ರೆ, ಬೈಬಲ್ ಓದಿರೋರಿಗೆ ಗೊತ್ತಿರುತ್ತೆ, ಆದಿಕಾಂಡ 23ನೇ ಅಧ್ಯಾಯ. ಸಾರಳು 127ನೇ ವಯಸ್ಸಲ್ಲಿ ತೀರ್ಕೊಂಡಾಗ ಅಬ್ರಹಾಮ ಹಿತ್ತಿಯರ ಎಫ್ರೋನನ ಹತ್ರ 400 ಶೆಕೆಲ್ ಬೆಳ್ಳಿ ಕೊಟ್ಟು ಮಕ್ಪೇಲ ಅನ್ನೋ ಗುಹೆ, ಅದರ ಸುತ್ತ ಹೊಲ ತಗೋತಾನೆ. ಎಫ್ರೋನ ಸುಮ್ನೆ ತಗೋ ಅಂತಾನೆ, ಇವ್ನು ಬೇಡ ಎಲ್ಲರ ಮುಂದೆ ದುಡ್ಡು ಎಣಿಸ್ತೀನಿ ಅಂತ ಎಣಿಸಿ ಕೊಡ್ತಾನೆ. ಆಮೇಲೆ ಅಬ್ರಹಾಮ, ಇಸಾಕ, ರೆಬೆಕ್ಕ, ಯಾಕೋಬ, ಲೇಯ ಎಲ್ಲರನ್ನೂ ಅಲ್ಲೇ ಮಣ್ಣು ಮಾಡಿದ್ರು ಅನ್ನೋ ನಂಬಿಕೆ. ಯಹೂದಿಗಳಿಗೆ ಜೆರುಸಲೇಮ್‌ನ ದೇವಾಲಯದ ಬೆಟ್ಟ ಬಿಟ್ರೆ ಇದೇ ಎರಡನೇ ದೊಡ್ಡ ಪುಣ್ಯಸ್ಥಳ. ಮುಸ್ಲಿಮರಿಗೆ ಇದೇ ಅಬ್ರಹಾಮ ಅಂದ್ರೆ ಇಬ್ರಾಹಿಂ ಪ್ರವಾದಿ, ಹಂಗಾಗಿ ಅವರಿಗೆ ಇದು ಇಬ್ರಾಹಿಮಿ ಮಸೀದಿ. ಇಬ್ಬರಿಗೂ ಒಬ್ಬನೇ ಪೂರ್ವಜ, ಜಗಳ ಶುರುವಾಗೋದೇ ಅಲ್ಲಿಂದ. ಗುಹೆ ಮೇಲಿರೋ ಕಟ್ಟಡನ ಈಗ ಎರಡು ಭಾಗ ಮಾಡಿದ್ದಾರೆ, ಒಂದು ಮಸೀದಿ, ಇನ್ನೊಂದು ಯಹೂದಿಗಳು ಪ್ರಾರ್ಥನೆ ಮಾಡೋ ಜಾಗ, ಬಾಗ್ಲೂ ಬೇರೆ ಬೇರೆ.

ಮೊದ್ಲು ಇದನ್ನ ಮಾಡಿ

ಟಿಕೆಟ್ ಬುಕ್ ಮಾಡೋ ಮುಂಚೆ ನಮ್ ವಿದೇಶಾಂಗ ಇಲಾಖೆ ಅಡ್ವೈಸರಿ ನೋಡಿ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ನಂತರ ಅಲ್ಲಿನ ಪರಿಸ್ಥಿತಿ ತಿಂಗಳಿಂದ ತಿಂಗಳಿಗೆ ಬದಲಾಗ್ತಾ ಇದೆ, ಹೆಬ್ರೋನ್ ಹಳೇ ಊರಲ್ಲಂತೂ ಚೆಕ್‌ಪೋಸ್ಟ್‌ಗಳನ್ನ ದಿನಗಟ್ಟಲೆ ಮುಚ್ಚಿದ್ದಿದೆ. ಹೋಗ್ಬೇಡಿ ಅಂತ ಅಡ್ವೈಸರಿ ಇದ್ರೆ ಹೋಗ್ಬೇಡಿ, ಅಷ್ಟೇ, ಇನ್ಶೂರೆನ್ಸ್ ಕೂಡ ಆಗ ಕೆಲಸಕ್ಕೆ ಬರಲ್ಲ. ಟೆಲ್ ಅವೀವ್‌ನಲ್ಲಿ ನಮ್ ಎಂಬೆಸಿ ಇದೆ, ರಮಲ್ಲಾದಲ್ಲಿ ಭಾರತದ ಪ್ರತಿನಿಧಿ ಕಚೇರಿ ಇದೆ, ಎರಡರ ಫೋನ್ ನಂಬರೂ ಒಂದು ಚೀಟೀಲಿ ಬರ್ಕೊಳಿ, ಮೊಬೈಲ್ ಚಾರ್ಜ್ ನಂಬ್ಕೋಬೇಡಿ. ಹೆಬ್ರೋನ್ ಇರೋದು ವೆಸ್ಟ್ ಬ್ಯಾಂಕಲ್ಲಿ, ಅಂದ್ರೆ ಇಸ್ರೇಲ್ ಹಿಡಿತದಲ್ಲಿರೋ ಪ್ಯಾಲೆಸ್ಟೀನ್ ಪ್ರದೇಶದಲ್ಲಿ, ಆದ್ರೆ ಅದಕ್ಕೆ ಬೇರೆ ವೀಸಾ ಅಂತಿಲ್ಲ, ಇಸ್ರೇಲ್ ವೀಸಾನೇ ಸಾಕು. ಏರ್‌ಪೋರ್ಟಲ್ಲಿ ಪಾಸ್‌ಪೋರ್ಟ್ ಮೇಲೆ ಸೀಲ್ ಬದಲು ಒಂದ್ ಸಣ್ಣ ಚೀಟಿ ಕೊಡ್ತಾರೆ, ಅದನ್ನ ಬಸ್ ಟಿಕೆಟ್ ಥರ ಎಲ್ಲೋ ತುರುಕ್ಬೇಡಿ, ಪಾಸ್‌ಪೋರ್ಟ್ ಒಳಗೇ ಇರ್ಲಿ, ಚೆಕ್‌ಪೋಸ್ಟಲ್ಲಿ ಕೇಳ್ತಾರೆ.

ದಿನ ಆರಿಸೋದು ಮುಖ್ಯ. ಶುಕ್ರವಾರ ಮುಸ್ಲಿಮರ ಜುಮಾ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಯಹೂದಿಗಳ ಸಬ್ಬತ್, ಆ ಎರಡು ದಿನ ಬಿಟ್ಬಿಡಿ. ಇನ್ನೊಂದಿದೆ, ವರ್ಷದಲ್ಲಿ 10 ದಿನ ಇಡೀ ಕಟ್ಟಡ ಯಹೂದಿಗಳಿಗೆ, 10 ದಿನ ಇಡೀ ಕಟ್ಟಡ ಮುಸ್ಲಿಮರಿಗೆ, ಆ ದಿನ ಇನ್ನೊಂದು ಕಡೆಯೋರು ಒಳಗೆ ಕಾಲಿಡಂಗಿಲ್ಲ. ಮುಸ್ಲಿಮರ ದಿನಗಳು ರಂಜಾನ್ ಶುಕ್ರವಾರಗಳು, ಈದ್ ಇಂಥವು, ಯಹೂದಿಗಳದ್ದು ಪಸ್ಕ, ಗುಡಾರ ಹಬ್ಬದ ನಡುವಿನ ದಿನಗಳು, ಆಮೇಲೆ ಸಾರಳ ಸಾವಿನ ಕಥೆ ಓದೋ ವಾರದ ಸಬ್ಬತ್, ಅದು ಅಕ್ಟೋಬರ್ ನವೆಂಬರ್ ಹೊತ್ತಿಗೆ ಬರುತ್ತೆ, ಅವತ್ತು ಸಾವಿರಾರು ಜನ ಟೆಂಟ್ ಹಾಕ್ಕೊಂಡು ಬಂದ್ ಬಿದ್ದಿರ್ತಾರೆ. ಸೋಮವಾರದಿಂದ ಗುರುವಾರದ ಒಳಗೆ, ಯಾವ ಹಬ್ಬನೂ ಇಲ್ಲದ ದಿನ, ಬೆಳಿಗ್ಗೆ ಬೇಗ. ಇದು ಸೇಫ್.

ಹೋಗೋ ದಾರಿನೂ ಎರಡು

ಒಂದು, ಜೆರುಸಲೇಮ್ ಸೆಂಟ್ರಲ್ ಬಸ್ ಸ್ಟೇಷನ್ನಿಂದ ಹೆಬ್ರೋನ್ ಪಕ್ಕದ ಯಹೂದಿ ಬಡಾವಣೆ ಕಿರ್ಯತ್ ಅರ್ಬಾಗೆ ಹೋಗೋ ಬಸ್ಸು, ಯಹೂದಿ ಸೆಟ್ಲರ್‌ಗಳು ಅಂದ್ರೆ 1967ರ ಮೇಲೆ ವೆಸ್ಟ್ ಬ್ಯಾಂಕಿಗೆ ಬಂದು ನೆಲೆಸಿದೋರು ಓಡಾಡೋದು, ಅದು ಕಟ್ಟಡದ ಯಹೂದಿ ಬಾಗ್ಲ ಹತ್ರನೇ ಇಳಿಸುತ್ತೆ. ಇನ್ನೊಂದು, ಡಮಾಸ್ಕಸ್ ಗೇಟ್ ಹತ್ರದಿಂದ ಅರಬ್ ಬಸ್ಸಲ್ಲಿ ಬೆತ್ಲೆಹೇಮ್, ಅಲ್ಲಿಂದ ಹಳದಿ ಶೇರ್ ಟ್ಯಾಕ್ಸಿ, ಅದನ್ನ ಅವರು ಸರ್ವೀಸ್ ಅಂತಾರೆ, ಸೀಟ್ ತುಂಬಿದ್ ಮೇಲೇ ಬಿಡೋದು, ನಮ್ ಟೆಂಪೋ ಟ್ರ್ಯಾಕ್ಸ್ ಲೆಕ್ಕ. ಅದು ಬಾಬ್ ಅಲ್ ಜಾವಿಯಾ ಅನ್ನೋ ಜಾಗದಲ್ಲಿ ಇಳಿಸುತ್ತೆ, ಅಲ್ಲಿಂದ ಹಳೇ ಮಾರ್ಕೆಟ್ ಒಳಗೆ ನಡ್ಕೊಂಡು ಹೋದ್ರೆ ಮಸೀದಿ ಕಡೆ ಬಾಗ್ಲು. ಡ್ರೈವರ್‌ಗೆ ಹೆಬ್ರೋನ್ ಅನ್ಬೇಡಿ, ಅಲ್ ಖಲೀಲ್ ಅನ್ನಿ, ಬೇಗ ಅರ್ಥ ಆಗುತ್ತೆ. ನೀವು ಇಂಡಿಯಾ ಅಂದ ತಕ್ಷಣ ಅಮಿತಾಬ್ ಬಚ್ಚನ್ ಅಂತ ಶುರು ಮಾಡ್ತಾರೆ, ತಲೆ ಆಡ್ಸಿ, ರಾಜಕೀಯ ಕೇಳಿದ್ರೆ ನಗ್ತಾ ಸುಮ್ನಿರಿ.

ನಾನು ಹೇಳೋದು ಎರಡನೇ ದಾರೀಲಿ ಹೋಗಿ, ಮೊದಲನೇ ದಾರೀಲಿ ವಾಪಸ್ ಬನ್ನಿ. ಹಂಗ್ ಮಾಡಿದ್ರೆ ಮಧ್ಯಾಹ್ನದ ನಮಾಜ್‌ಗೆ ಟೂರಿಸ್ಟ್‌ಗಳನ್ನ ಹೊರಗ್ ಕಳಿಸೋ ಮುಂಚೆ ಮಸೀದಿ ಕಡೆ ನೋಡಿ ಮುಗಿದಿರುತ್ತೆ, ಆಮೇಲೆ ಯಹೂದಿ ಕಡೆ ಆರಾಮಾಗಿ ನೋಡ್ಬೋದು. ಒಬ್ಬೊಬ್ಬರೇ ಹೋಗೋಕೆ ಧೈರ್ಯ ಇಲ್ದಿದ್ರೆ ಜೆರುಸಲೇಮಲ್ಲಿ ಎರಡೂ ಕಡೆ ಕಥೆ ಹೇಳೋ ಟೂರ್‌ಗಳು ಸಿಗ್ತವೆ, ಅರ್ಧ ದಿನ ಪ್ಯಾಲೆಸ್ಟೀನ್ ಗೈಡು, ಇನ್ನರ್ಧ ದಿನ ಅಲ್ಲೇ ಇರೋ ಯಹೂದಿ ಗೈಡು. ಇಬ್ಬರೂ ಒಂದೇ ಬೀದೀಲಿ ನಿಂತು ಬೇರೆ ಬೇರೆ ಊರಿನ ಕಥೆ ಹೇಳ್ದಂಗೆ ಹೇಳ್ತಾರೆ, ಇವರ ಏರಿಯಾಗೆ ಅವರು ಬರಂಗಿಲ್ಲ ಅವರ ಏರಿಯಾಗೆ ಇವರು ಹೋಗಂಗಿಲ್ಲ, ಮಧ್ಯ ಚೆಕ್‌ಪೋಸ್ಟ್ ಹತ್ರ ನಿಮ್ಮನ್ನ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸ್ತಾರೆ.

ಊರು ಹಿಂಗ್ಯಾಕೆ ಎರಡಾಗಿದೆ ಅನ್ನೋದು ತಿಳ್ಕೊಂಡ್ ಹೋಗಿ. ಇಸ್ರೇಲ್, ಪ್ಯಾಲೆಸ್ಟೀನ್ ನಾಯಕರ 1997ರ ಒಪ್ಪಂದದಲ್ಲಿ ಹೆಬ್ರೋನ್‌ನ ಎಚ್ 1, ಎಚ್ 2 ಅಂತ ಭಾಗ ಮಾಡಿದ್ರು, ಸುಮಾರು 80 ಪರ್ಸೆಂಟ್ ಪ್ಯಾಲೆಸ್ಟೀನ್ ಆಡಳಿತಕ್ಕೆ, 20 ಪರ್ಸೆಂಟ್ ಇಸ್ರೇಲ್ ಸೇನೆ ಕೈಗೆ. ಈ ಕಟ್ಟಡ, ಹಳೇ ಊರು ಎಲ್ಲಾ ಎಚ್ 2ರಲ್ಲಿ, ಅಲ್ಲಿ ಹತ್ತಾರು ಸಾವಿರ ಪ್ಯಾಲೆಸ್ಟೀನಿಯರ ಮಧ್ಯೆ ಕೆಲವೇ ನೂರು ಯಹೂದಿ ಸೆಟ್ಲರ್‌ಗಳು ಸೇನೆ ಕಾವಲಲ್ಲಿ ಇದ್ದಾರೆ. ಮಾರ್ಕೆಟಲ್ಲಿ ನಡೀವಾಗ ತಲೆ ಎತ್ತಿ ನೋಡಿ, ಅಂಗಡಿ ಬೀದಿ ಮೇಲೆ ಉದ್ದಕ್ಕೂ ತಂತಿ ಬಲೆ ಕಟ್ಟಿದ್ದಾರೆ, ಮೇಲ್ ಮನೆಗಳಲ್ಲಿರೋ ಸೆಟ್ಲರ್‌ಗಳು ಕಸ ಎಸೀತಾರೆ ಅಂತ. ಬಲೆ ಜೋತು ಬಿದ್ದಿರುತ್ತೆ, ಪ್ಲಾಸ್ಟಿಕ್ ಬಾಟ್ಲಿ, ಕಲ್ಲು, ಹಳೇ ಡಬ್ಬ, ಬಿಸ್ಕತ್ ಕವರ್ ಎಲ್ಲಾ ಬಿಸಿಲಲ್ಲಿ ಒಣಗ್ತಾ ನೇತಾಡ್ತಿರ್ತವೆ, ಕೆಳಗೆ ಅದೇ ನೆರಳಲ್ಲಿ ಒಬ್ಬ ಅಜ್ಜ ಮಸಾಲೆ ಗುಡ್ಡೆ ಹಾಕ್ಕೊಂಡ್ ಕೂತಿರ್ತಾನೆ. ಶುಹದಾ ಸ್ಟ್ರೀಟ್ ಅಂತ ಒಂದು ದೊಡ್ಡ ಬೀದಿ, ಒಂದ್ ಕಾಲಕ್ಕೆ ಊರಿನ ಮುಖ್ಯ ಪೇಟೆ, ಈಗ ಅಂಗಡಿ ಬಾಗ್ಲಿಗೆಲ್ಲ ಬೆಸುಗೆ ಹಾಕಿದ್ದಾರೆ, ಅದರ ಬಹುಪಾಲು ಕಡೆ ಪ್ಯಾಲೆಸ್ಟೀನಿಯರು ಓಡಾಡಂಗಿಲ್ಲ, ನೀವು ಟೂರಿಸ್ಟು ಆರಾಮಾಗಿ ಓಡಾಡ್ಬೋದು. ನನಗಂತೂ ಅಲ್ಲಿ ನಡೆಯೋಕೆ ಇರಿಸುಮುರಿಸಾಯ್ತು.

ಚೆಕ್‌ಪೋಸ್ಟಲ್ಲಿ

ತಿರುಗೋ ಕಬ್ಬಿಣದ ಗೇಟು, ಮೆಟಲ್ ಡಿಟೆಕ್ಟರ್, ಆಮೇಲೆ ಸೋಲ್ಜರ್. ಇಪ್ಪತ್ತು ವರ್ಷದ ಹುಡುಗ ಹುಡುಗೀರು, ಪಾಸ್‌ಪೋರ್ಟ್ ನೋಡಿ ಕೇಳೋದು ಒಂದೇ ಪ್ರಶ್ನೆ, ನಿಮ್ಮ ಧರ್ಮ ಯಾವ್ದು. ನಮ್ಮಲ್ಲಿ ಹಿಂಗ್ ಮುಖಕ್ ಹೊಡ್ದಂಗೆ ಕೇಳಿದ್ರೆ ಸಿಟ್ಟು ಬರುತ್ತೆ, ಅಲ್ಲಿ ಅದು ದಿನದ ಡ್ಯೂಟಿ. ಯಹೂದಿ ಆದ್ರೆ ಮಸೀದಿ ಕಡೆ ಬಿಡಲ್ಲ, ಮುಸ್ಲಿಂ ಆದ್ರೆ ಯಹೂದಿ ಕಡೆ ಬಿಡಲ್ಲ, ಬೇರೆ ಯಾರಾದ್ರೂ ಎರಡೂ ಕಡೆ ಹೋಗ್ಬೋದು. ಇದ್ದಿದ್ದು ಇದ್ದಂಗೆ ಹೇಳಿ. ಗ್ರೂಪಲ್ಲಿ ಮುಸ್ಲಿಂ ಫ್ರೆಂಡ್ಸ್ ಇದ್ರೆ ಅವರಿಗೆ ಒಂದೇ ಕಡೆ ನೋಡೋಕೆ ಸಿಗೋದು ಅಂತ ಜೆರುಸಲೇಮಲ್ಲೇ ಹೇಳ್ಬಿಡಿ, ಗೇಟ್ ಹತ್ರ ಗೊತ್ತಾದ್ರೆ ಬೇಜಾರಾಗುತ್ತೆ. ಚಾಕು, ನೈಲ್ ಕಟರ್, ಹಣ್ಣು ಹೆಚ್ಚೋ ಪುಟ್ಟ ಚೂರಿ ಏನೂ ಬ್ಯಾಗಲ್ಲಿ ಇರಬಾರ್ದು. ನಮ್ ಕಡೆ ಆಂಟೀರು ಟೂರಿಗೆ ಹೋದ್ರೆ ಸೌತೆಕಾಯಿ ಹೆಚ್ಚೋ ಚಾಕು ಇಲ್ದೆ ಹೋಗಲ್ಲ, ಅದನ್ನ ಹೋಟೆಲಲ್ಲೇ ಬಿಡ್ಸಿ. ಮೈ ಮೇಲೆ ಯಾವ ದೇಶದ ಬಾವುಟನೂ ಬೇಡ, ಇಸ್ರೇಲ್ದೂ ಬೇಡ ಪ್ಯಾಲೆಸ್ಟೀನ್ದೂ ಬೇಡ, ವಾಟ್ಸಾಪ್ ಗ್ರೂಪಲ್ಲಿ ನೀವ್ ಯಾವ ಪಾರ್ಟಿ ಆದ್ರೂ ಆಗಿರಿ.

ಬಟ್ಟೆ ವಿಚಾರ ಸುಲಭ, ನಮ್ ದೇವಸ್ಥಾನಕ್ಕೆ ಹೋಗೋ ಹಂಗೇ, ಭುಜ ಮಂಡಿ ಮುಚ್ಚಿರ್ಬೇಕು. ಮಸೀದಿ ಕಡೆ ಚಪ್ಪಲಿ ಬಿಡ್ಬೇಕು, ಹೆಂಗಸರಿಗೆ ಟೋಪಿ ಇರೋ ನಿಲುವಂಗಿ ಕೊಡ್ತಾರೆ, ಹಾಕ್ಕೊಂಡು ವಾಪಸ್ ಕೊಟ್ರಾಯ್ತು. ಯಹೂದಿ ಕಡೆ ಚಪ್ಪಲಿ ಬಿಡ್ಬೇಕಾಗಿಲ್ಲ, ಗಂಡಸರು ತಲೆ ಮೇಲೆ ಏನಾದ್ರೂ ಹಾಕ್ಬೇಕು, ಕ್ಯಾಪ್ ನಡೆಯುತ್ತೆ. ಎಂಟ್ರಿ ಫೀಸ್ ಎರಡೂ ಕಡೆ ಇಲ್ಲ.

ಒಳಗೆ ಏನ್ ನೋಡ್ಬೇಕು

ಒಳಗೆ ಹೋಗೋ ಮುಂಚೆ ಹೊರಗೋಡೆ ಹತ್ರ ಒಂದೈದು ನಿಮಿಷ ನಿಂತ್ಕೊಳಿ. ಸುಮಾರು 60 ಮೀಟರ್ ಉದ್ದ, 34 ಮೀಟರ್ ಅಗಲದ ಕಲ್ಲಿನ ಆವರಣ, ಹೆರೋದ ರಾಜ ಕಟ್ಸಿದ್ದು ಅಂತಾರೆ, ಅಂದ್ರೆ ಎರಡು ಸಾವಿರ ವರ್ಷದ ಹಿಂದಿನದ್ದು. ಜೆರುಸಲೇಮಲ್ಲಿ ಅವನು ದೊಡ್ಡದಾಗಿ ಕಟ್ಸಿದ ಯಹೂದಿ ದೇವಾಲಯ ಕ್ರಿ.ಶ. 70ರಲ್ಲಿ ರೋಮನ್ನರ ಕೈಗೆ ಸಿಕ್ಕಿ ನಾಶ ಆಯ್ತು, ಅಲ್ಲಿ ಜನ ಹಣೆ ಇಟ್ಟು ಅಳೋದು ಉಳ್ಕೊಂಡಿರೋ ಹೊರಗೋಡೆ ಮುಂದೆ. ಇಲ್ಲಿ ನಾಲ್ಕೂ ಗೋಡೆ ಪೂರ್ತಿ ನಿಂತಿವೆ. ಒಂದೊಂದು ಕಲ್ಲು ಏಳು ಮೀಟರ್‌ವರೆಗೂ ಉದ್ದ, ಅಂಚಲ್ಲಿ ನೀಟಾಗಿ ಪಟ್ಟಿ ಕೆತ್ತಿದ್ದಾರೆ, ಬೆರಳು ಸವರಿ ನೋಡಿ. ಜೆರುಸಲೇಮ್ ಗೋಡೆ ಕಲ್ಲಲ್ಲೂ ಇದೇ ಕೆತ್ತನೆ ಇದೆ.

ಮಸೀದಿ ಕಡೆ ದೊಡ್ಡ ಹಾಲ್ ಒಳಗೆ ಇಸಾಕ, ರೆಬೆಕ್ಕರ ಗದ್ದುಗೆ ಇವೆ, ಕೆಂಪು ಬಿಳಿ ಪಟ್ಟೆ ಕಲ್ಲಿನ ಪುಟ್ಟ ಮನೆಗಳ ಥರ, ಒಳಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿರ್ತಾರೆ. ನೆನಪಿರ್ಲಿ, ಮೇಲೆ ಕಾಣೋದು ಗದ್ದುಗೆ ಮಾತ್ರ, ಗುಹೆ ಇರೋದು ನೆಲದ ಕೆಳಗೆ, ಅಲ್ಲಿಗೆ ಯಾರನ್ನೂ ಬಿಡಲ್ಲ. ನೆಲದಲ್ಲಿ ಒಂದು ಸಣ್ಣ ತೂತು ಇದೆ, ಅದರ ಮೇಲೊಂದು ಪುಟ್ಟ ಮಂಟಪ, ಅಲ್ಲಿಂದ ದೀಪ ಇಳಿಬಿಟ್ಟಿರ್ತಾರೆ. 1968ರಲ್ಲಿ ಇಸ್ರೇಲ್ ರಕ್ಷಣಾ ಮಂತ್ರಿ ಮೋಶೆ ದಯಾನ್ ಕೆಳಗೆ ಏನಿದೆ ನೋಡ್ಬೇಕು ಅಂತ, ಆ ಸಂದೀಲಿ ದೊಡ್ಡೋರು ಹಿಡಿಸಲ್ಲ ಅಂತ, ಸಣ್ಣ ಮೈಕಟ್ಟಿನ ಒಬ್ಬ ಹುಡುಗೀನ ರಾತ್ರಿ ಹೊತ್ತಲ್ಲಿ ಹಗ್ಗ ಕಟ್ಟಿ ಇಳಿಸಿದ್ದ. ಅವಳು ಒಂದು ಕೋಣೆ, ಒಂದು ಉದ್ದನೆ ಓಣಿ, ಮೆಟ್ಟಿಲು ನೋಡಿ ಅಳತೆ ತಗೊಂಡು ಮೇಲೆ ಬಂದ್ಲು. ಅದರ ಹತ್ರನೇ ಇರೋ ಮರದ ಮಿಂಬರ್ ತಪ್ಪಿಸ್ಕೋಬೇಡಿ, ಇಮಾಮ್ ಹತ್ತಿ ನಿಂತು ಮಾತಾಡೋ ಪೀಠ ಅದು, 1091ರಲ್ಲಿ ಸಮುದ್ರ ದಡದ ಅಷ್ಕಲೋನ್ ಊರಲ್ಲಿ ಮಾಡಿದ್ದು, ಒಂದು ನೂರು ವರ್ಷ ಆದ್ಮೇಲೆ ಮುಸ್ಲಿಂ ಸುಲ್ತಾನ ಸಲಾದಿನ್ ಇಲ್ಲಿಗೆ ತರಿಸಿದ ಅಂತಾರೆ. ಮೈಸೂರಿನ ಬೀಟೆ ಮರದ ಕೆಲಸ ನೋಡಿ ಬೆಳೆದ ಕಣ್ಣಿಗೂ ಅದು ಸುಲಭಕ್ಕೆ ಬಿಡಲ್ಲ.

ಅಬ್ರಹಾಮನ ಗದ್ದುಗೆ ಎರಡೂ ಕಡೆಯಿಂದ ಕಾಣುತ್ತೆ. ಮಸೀದಿ ಕಡೆ ಒಂದು ಜಾಲರಿ ಕಿಟಕಿ, ಯಹೂದಿ ಕಡೆ ಇನ್ನೊಂದು, ಮಧ್ಯೆ ಗುಂಡು ತಡೆಯೋ ಗಾಜು. ಮೊದ್ಲು ಈ ಕಡೆ ನೋಡಿ, ಆಮೇಲೆ ಹೊರಗೆ ಬಂದು, ಮತ್ತೆ ಚೆಕ್‌ಪೋಸ್ಟ್ ದಾಟಿ, ಅರ್ಧ ಸುತ್ತು ಹಾಕಿ, ಆ ಕಡೆ ಕಿಟಕಿಗೆ ಬನ್ನಿ. ಆ ಕಡೆಯಿಂದ ಯಾರಾದ್ರೂ ಇಣುಕ್ತಾ ಇದ್ರೆ ಅವರ ಮುಖ ಗದ್ದುಗೆ ಆಚೆ ಮಸುಕಾಗಿ ಕಾಣುತ್ತೆ. ಈ ಕಟ್ಟಡ ಅರ್ಥ ಆಗೋಕೆ ಯಾವ ಗೈಡೂ ಬೇಡ, ಆ ಎರಡು ಕಿಟಕಿ ಸಾಕು. ಒಂದೇ ಬಾಗ್ಲಿಂದ ಹೋಗಿ ಬಂದೋರು ನಾನೂ ಹೆಬ್ರೋನ್ ನೋಡ್ದೆ ಅಂದ್ರೆ ಅರ್ಧ ನೋಡಿದಾರೆ ಅಂತಲೇ ನಾನು ಲೆಕ್ಕ ಹಾಕೋದು.

ಯಹೂದಿ ಕಡೆ ಯಾಕೋಬ, ಲೇಯರ ಗದ್ದುಗೆ, ಪುಸ್ತಕದ ಕಪಾಟು, ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಪ್ರಾರ್ಥನೆ ಓದ್ತಾ ಮುಂದೆ ಹಿಂದೆ ತೂಗಾಡೋ ಜನ, ಆಟ ಆಡೋ ಮಕ್ಕಳು. ಹೊರಗೆ ಏಳನೇ ಮೆಟ್ಟಿಲಿದ್ದ ಜಾಗ ಕೇಳಿ ತೋರಿಸ್ಕೊಳಿ. 1267ರಲ್ಲಿ ಈಜಿಪ್ಟಿಂದ ಆಳ್ತಿದ್ದ ಮಾಮ್ಲೂಕ್ ಸುಲ್ತಾನ ಬೈಬರ್ಸ್ ಯಹೂದಿ, ಕ್ರೈಸ್ತರು ಒಳಗೆ ಬರಬಾರ್ದು ಅಂದ. ಆಮೇಲೆ ಯಹೂದಿಗಳಿಗೆ ಹೊರಗಿನ ಮೆಟ್ಟಿಲಲ್ಲಿ ಏಳನೆಯದರವರೆಗೆ ಮಾತ್ರ ಬಿಡ್ತಿದ್ರು. ಅದು 1967ರವರೆಗೂ ಹಂಗೇ ನಡೀತು, ಏಳುನೂರು ವರ್ಷ. 1967ರ ಯುದ್ಧದಲ್ಲಿ ಊರು ಹಿಡ್ಕೊಂಡ್ ಮೇಲೆ ಇಸ್ರೇಲ್ ಆ ಮೆಟ್ಟಿಲೇ ಕಿತ್ ಹಾಕ್ತು. ಇನ್ನೊಂದ್ ವಿಚಿತ್ರ, ಆಜಾನ್ ಕೂಗೋ ರೂಮ್ ಸಿಕ್ಕಿರೋದು ಯಹೂದಿ ಭಾಗದಲ್ಲಿ, ಹಂಗಾಗಿ ಆಜಾನ್ ಕೂಗೋರು ಪ್ರತಿ ಸಲ ಸೇನೆಯ ಅನುಮತಿ ತಗೊಂಡು ದಾಟಿ ಬರ್ಬೇಕು. ಎಷ್ಟೋ ಸಲ ಬಿಡಲ್ಲ, ಆಗ ಆಜಾನ್ ಇಲ್ಲ.

ಯಾರ್ದು ಇದು ಅಂತ ಕೇಳ್ಬೇಡಿ

ನಮ್ ಗ್ರೂಪಲ್ಲಿದ್ದ ಮಂಡ್ಯದ ಅಂಕಲ್ ಒಬ್ಬರು ಗೈಡ್‌ನ ಕೇಳೇ ಬಿಟ್ರು, "ಅದೆಲ್ಲ ಇರ್ಲಿ ಕಣಪ್ಪ, ಮೊದ್ಲು ಯಾರ್ದಿತ್ತು ಅದ್ ಹೇಳು." ಶ್ರೀರಂಗಪಟ್ಟಣದ ಜಾಮಿಯಾ ಮಸೀದಿ ಮುಂದೆ ಬ್ಯಾರಿಕೇಡ್ ಹಾಕಿ 144 ಜಾರಿ ಮಾಡಿದ್ದನ್ನ ನೋಡಿರೋ ಜಿಲ್ಲೆಯೋರು, ಆ ಪ್ರಶ್ನೆ ಬಾಯಿಗೆ ಬರೋದು ಸಹಜನೇ. ಗೈಡ್ ಉತ್ತರ ಕೊಡೋದಕ್ಕೆ ಅರ್ಧ ಗಂಟೆ ತಗೊಂಡ, ಉತ್ತರ ಸಿಗ್ಲಿಲ್ಲ. ಯಾಕಂದ್ರೆ ಗೋಡೆ ಹೆರೋದನ ಕಾಲದ್ದು, ಅದರೊಳಗೆ ಕ್ರೈಸ್ತ ದೊರೆಗಳಾದ ಬೈಜಾಂಟಿಯನ್ನರು ಚರ್ಚ್ ಕಟ್ಟಿದ್ರು, ಏಳನೇ ಶತಮಾನದಲ್ಲಿ ಅರಬ್ಬರು ಬಂದು ಮಸೀದಿ ಆಯ್ತು, 1100ರ ಹೊತ್ತಿಗೆ ಯುರೋಪಿಂದ ದಂಡೆತ್ತಿ ಬಂದ ಕ್ರೈಸ್ತ ಕ್ರುಸೇಡರ್‌ಗಳು ಮತ್ತೆ ಚರ್ಚ್ ಮಾಡಿದ್ರು, 1188ರ ಹೊತ್ತಿಗೆ ಸಲಾದಿನ್ ಮತ್ತೆ ಮಸೀದಿ ಮಾಡ್ದ. ಈಗ ತಲೆ ಮೇಲಿರೋ ಕಮಾನು ಕ್ರುಸೇಡರ್‌ಗಳದ್ದು, ಮಿನಾರು ಮುಸ್ಲಿಮರದ್ದು, ಕಾಲ್ ಕೆಳಗಿರೋ ಗುಹೆ ಅವರೆಲ್ಲರಿಗಿಂತ ಹಳೇದು.

ಎರಡು ತಾರೀಕು ಮಾತ್ರ ತಲೇಲಿ ಇಟ್ಕೊಂಡ್ ಹೋಗಿ, ಯಾಕಂದ್ರೆ ಯಹೂದಿ ಗೈಡು ಮೊದಲನೇದನ್ನ ಜಾಸ್ತಿ ಹೇಳ್ತಾನೆ, ಪ್ಯಾಲೆಸ್ಟೀನ್ ಗೈಡು ಎರಡನೇದನ್ನ. 1929ರ ಆಗಸ್ಟ್‌ನಲ್ಲಿ ಅರಬ್ ಗುಂಪುಗಳು ಹೆಬ್ರೋನ್‌ನಲ್ಲಿ 67 ಯಹೂದಿಗಳನ್ನ ಕೊಂದವು, ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಜನ, ಅದೇ ದಿನ ಎಷ್ಟೋ ಯಹೂದಿಗಳನ್ನ ಬಚ್ಚಿಟ್ಟು ಉಳಿಸಿದ್ದೂ ಪಕ್ಕದ ಮನೆ ಅರಬ್ಬರೇ. 1994ರ ಫೆಬ್ರವರಿ 25, ರಂಜಾನ್ ತಿಂಗಳ ಶುಕ್ರವಾರ, ಬರೂಕ್ ಗೋಲ್ಡ್‌ಸ್ಟೈನ್ ಅನ್ನೋ ಕಿರ್ಯತ್ ಅರ್ಬಾದ ಡಾಕ್ಟರ್ ಸೇನೆ ಯೂನಿಫಾರ್ಮ್ ಹಾಕ್ಕೊಂಡು ಇಸಾಕನ ಹಾಲ್‌ಗೆ ನುಗ್ಗಿ ನಮಾಜ್ ಮಾಡ್ತಿದ್ದೋರ ಮೇಲೆ ಗುಂಡು ಹಾರಿಸಿ 29 ಜನರನ್ನ ಕೊಂದ, ಉಳಿದೋರು ಅವನನ್ನ ಅಲ್ಲೇ ಹೊಡೆದು ಸಾಯಿಸಿದ್ರು. ಕಟ್ಟಡದ ಒಳಗೆ ಈಗಿರೋ ಅಡ್ಡಗೋಡೆ, ಬೇರೆ ಬೇರೆ ಬಾಗ್ಲು, ಹತ್ತತ್ತು ದಿನದ ಲೆಕ್ಕ ಎಲ್ಲಾ ಬಂದಿದ್ದು ಅದಾದ್ಮೇಲೆ. ಪ್ಯಾಲೆಸ್ಟೀನಿಯರು ಕೇಳೋದು, ಸತ್ತೋರು ನಾವು, ಶುಹದಾ ಸ್ಟ್ರೀಟ್ ಮುಚ್ಚಿದ್ದು ನಮಗೇ, ಇದ್ಯಾವ ನ್ಯಾಯ ಅಂತ. ನನಗೂ ಅದಕ್ಕೆ ಉತ್ತರ ಹೊಳೀಲಿಲ್ಲ. ಒಬ್ಬ ಗೈಡು ಒಂದು ತಾರೀಕು ಹೇಳಿ ಇನ್ನೊಂದನ್ನ ನುಂಗಿದ್ರೆ ನೀವೇ ಮೆತ್ತಗೆ ಕೇಳಿ, ವಾದಕ್ಕಲ್ಲ, ಅವನು ಅದನ್ನ ಹೆಂಗ್ ಹೇಳ್ತಾನೆ ಅಂತ ಕೇಳಿಸ್ಕೊಳಕ್ಕೆ.

2017ರಲ್ಲಿ ಯುನೆಸ್ಕೋ ಹೆಬ್ರೋನ್ ಹಳೇ ಊರನ್ನ ಪ್ಯಾಲೆಸ್ಟೀನ್ ಹೆಸರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಜೊತೆಗೇ ಅಪಾಯದಲ್ಲಿರೋ ತಾಣಗಳ ಪಟ್ಟಿಗೂ ಹಾಕ್ತು. ಓಟಲ್ಲಿ 12 ಪರ, 3 ವಿರೋಧ. ಯಹೂದಿ ಇತಿಹಾಸ ಅಳಿಸ್ತಿದ್ದಾರೆ ಅಂತ ಇಸ್ರೇಲ್ ಕೂಗಾಡ್ತು, ಆಮೇಲೆ ಅಮೆರಿಕ, ಇಸ್ರೇಲ್ ಎರಡೂ ಯುನೆಸ್ಕೋ ಬಿಡ್ತೀವಿ ಅಂತ ಹೇಳಿದ್ವು, 2018ರ ಕೊನೆಗೆ ಬಿಟ್ವು. ಕಾಗದದ ಮೇಲೂ ಜಗಳ ಮುಗ್ದಿಲ್ಲ ಅಂತ ಅರ್ಥ.

ಊಟ, ಶಾಪಿಂಗ್, ವಾಪಸ್ಸು

ವೆಜ್‌ನೋರಿಗೆ ತೊಂದ್ರೆ ಇಲ್ಲ, ಫಲಾಫೆಲ್, ಹಮ್ಮಸ್, ಬ್ರೆಡ್ಡು ಎಲ್ಲಾ ಕಡೆ ಸಿಗುತ್ತೆ. ಮಸೀದಿ ಹತ್ರ ತಕಿಯಾ ಅಂತ ಒಂದು ಅಡುಗೆಮನೆ ಇದೆ, ಇಬ್ರಾಹಿಂ ಹೆಸರಲ್ಲಿ ಬಡವರಿಗೆ ಬಿಟ್ಟಿ ಸೂಪು ಹಂಚೋದು ಶತಮಾನಗಳಿಂದ ನಡ್ಕೊಂಡ್ ಬಂದಿದೆ, ಮಕ್ಕಳು ಬಕೆಟ್ ಹಿಡ್ಕೊಂಡು ಸಾಲಾಗಿ ನಿಂತಿರ್ತಾರೆ. ಅಲ್ಲಿ ಫೋಟೋ ತೆಗೀಬೇಡಿ, ದುಡ್ಡು ಕೊಡೋ ಮನಸಿದ್ರೆ ಒಳಗೆ ಕೇಳಿ ಕೊಡಿ. ತರೋಕೆ ಅಂದ್ರೆ ಹೆಬ್ರೋನ್ ಗಾಜಿನ ಸಾಮಾನು ಫೇಮಸ್ಸು, ಅಲ್ಲೇ ಊದಿ ಮಾಡೋದು ನೋಡ್ಬೋದು, ಆಮೇಲೆ ದ್ರಾಕ್ಷಿ ಬೆಲ್ಲದ ಪಾಕ, ಅದಕ್ಕೆ ದಿಬ್ಸ್ ಅಂತಾರೆ, ಚಪಾತಿಗೆ ಸಖತ್ತಾಗಿರುತ್ತೆ. ಹಳೇ ಮಾರ್ಕೆಟಲ್ಲೇ ತಗೊಳಿ, ಅಲ್ಲಿ ವ್ಯಾಪಾರ ಬಿದ್ದೋಗಿದೆ, ಚೌಕಾಸಿ ಸ್ವಲ್ಪ ಮಾಡಿ, ದೇವರಾಜ ಮಾರ್ಕೆಟಲ್ಲಿ ಮಾಡೋ ಅಷ್ಟು ಬೇಡ.

ಕತ್ತಲಾಗೋ ಮುಂಚೆ ವಾಪಸ್ ಜೆರುಸಲೇಮ್ ಸೇರ್ಕೊಳಿ, ಸಂಜೆ ಮೇಲೆ ಚೆಕ್‌ಪೋಸ್ಟ್ ಯಾವಾಗ ಮುಚ್ಚುತ್ತೆ ಅಂತ ಹೇಳಕ್ಕಾಗಲ್ಲ. ಈಜಿಪ್ಟ್ ಕಡೆಯಿಂದಲ್ಲ, ಇಸ್ರೇಲಿನ ಬೆನ್ ಗುರಿಯನ್ ಏರ್‌ಪೋರ್ಟಿಂದಲೇ ಹೊರಡೋದಾದ್ರೆ ಕಡಿಮೆ ಅಂದ್ರೂ ಮೂರು ಗಂಟೆ ಮುಂಚೆ ಅಲ್ಲಿರಿ. ಎಲ್ಲೆಲ್ಲಿ ಹೋಗಿದ್ರಿ, ಯಾರನ್ನ ನೋಡಿದ್ರಿ, ಬ್ಯಾಗ್ ನೀವೇ ಪ್ಯಾಕ್ ಮಾಡಿದ್ರಾ, ಯಾರಾದ್ರೂ ಏನಾದ್ರೂ ತಗೊಂಡ್ ಹೋಗಿ ಅಂತ ಕೊಟ್ರಾ ಅಂತ ಕೇಳ್ತಾರೆ, ಒಂದೇ ಪ್ರಶ್ನೆ ಎರಡ್ ಮೂರ್ ಥರ ಕೇಳ್ತಾರೆ. ಹೆಬ್ರೋನ್‌ಗೆ ಹೋಗಿದ್ರೆ ಹೋಗಿದ್ದೆ ಅಂತಲೇ ಹೇಳಿ, ಗುಹೆ ನೋಡೋಕೆ ಅಂದ್ರೆ ಸಾಕು, ಮುಚ್ಚಿಡೋಕೆ ಹೋದ್ರೆ ಗಂಟೆಗಟ್ಟಲೆ ಕೂರಿಸ್ತಾರೆ. ದಿಬ್ಸ್ ಬಾಟ್ಲಿನ ಹ್ಯಾಂಡ್ ಬ್ಯಾಗಲ್ಲಿ ಇಟ್ಕೋಬೇಡಿ, ಸೆಕ್ಯೂರಿಟೀಲಿ ಕಿತ್ಕೋತಾರೆ, ಎರಡು ಕವರ್ ಸುತ್ತಿ ಚೆಕ್ ಇನ್ ಬ್ಯಾಗಲ್ಲಿ ಬಟ್ಟೆ ಮಧ್ಯೆ ಇಡಿ.